ಮಾತಾಪಿತರ ಸೇವೆಯೂ ಮನೆಗೆ ಬಂದ ಹೋಮ್ ನರ್ಸೂ

"ಉಸ್ತಾದರ ಮನೆಯಲ್ಲೂ ಹೋಮ್ ನರ್ಸಾ?"

ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ನಮ್ಮ ಜಮಾಅತ್‌ನ ಹಿರಿಯರೊಬ್ಬರು ನನ್ನನ್ನು ಹೀಗೆ ಕೇಳಿದರು. ಅವರ ಧ್ವನಿಯಲ್ಲಿ ಕುಹಕವಿರಲಿಲ್ಲ, ನೋವಿತ್ತು. ಮಾತಾಪಿತರ ಸೇವೆಯ ಮಹತ್ವದ ಕುರಿತು ಅದೇ ಮಸೀದಿಯಲ್ಲಿ, ಅದೇ ಜನರ ಮುಂದೆ ನಾನು ಎಷ್ಟೋ ಬಾರಿ ಪ್ರವಚನ ನೀಡಿದ್ದೇನೆ. ಕೇಳುತ್ತಾ ಕಣ್ಣೊರೆಸಿಕೊಂಡವರಲ್ಲಿ ಆ ಹಿರಿಯರೂ ಒಬ್ಬರು. ಹಾಗೆ ಮಾತನಾಡಿದವನೇ ಇಂದು ತನ್ನ ತಾಯಿಯನ್ನು ಸಂಬಳಕ್ಕೆ ಬಂದ ಮಹಿಳೆಯೊಬ್ಬಳ ಕೈಗೊಪ್ಪಿಸಿದ್ದಾನೆಂದರೆ ಅವರಿಗೆ ಬೇಸರವಾಗುವುದು ಸಹಜವೇ. ಅಂದು ನಾನು ಏನೋ ತಡವರಿಸಿ ಮನೆಗೆ ಬಂದೆ. ಅವರಿಗೆ ಹೇಳಬೇಕಾಗಿದ್ದುದನ್ನು ಈಗ ಬರೆಯುತ್ತಿದ್ದೇನೆ.

ಕರಾವಳಿಯ ನಮ್ಮ ಊರುಗಳಲ್ಲಿ ಹೋಮ್ ನರ್ಸ್ ಎಂಬ ಪದ ಈಗ ಹೊಸತಲ್ಲ. ಮಕ್ಕಳಲ್ಲಿ ಒಬ್ಬ ಜಿದ್ದಾದಲ್ಲಿ, ಇನ್ನೊಬ್ಬ ದುಬೈಯಲ್ಲಿ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರುಗಳಲ್ಲಿ. ದೊಡ್ಡ ಮನೆಯಲ್ಲಿ ವೃದ್ಧ ದಂಪತಿ ಮತ್ತು ಒಬ್ಬ ಸೊಸೆ. ಇಂತಹ ಮನೆಗಳಲ್ಲಿ ಹಿರಿಯರಿಗೆ ಪಾರ್ಶ್ವವಾಯು ತಗಲಿದರೆ, ಜಾರಿಬಿದ್ದು ಸೊಂಟದ ಮೂಳೆ ಮುರಿದರೆ, ಅಥವಾ ನೆನಪು ಮಾಸಿ ಸ್ವಂತ ಮಕ್ಕಳ ಗುರುತೇ ಸಿಗದಂತಾದರೆ, ಆರೈಕೆಗೆ ಒಂದು ಜೊತೆ ಕೈ ಸಾಲುವುದಿಲ್ಲ. ಆದ್ದರಿಂದ ಹೋಮ್ ನರ್ಸ್ ಬರುತ್ತಾಳೆ. ಆದರೆ ಬಂದವಳನ್ನು ನಾವು ಹೇಗೆ ಪರಿಚಯಿಸುತ್ತೇವೆ? "ಅಡುಗೆಗೆ ಸಹಾಯಕ್ಕೆ ಬಂದವಳು" ಎನ್ನುತ್ತೇವೆ. "ನಾಲ್ಕು ದಿನದ ಮಟ್ಟಿಗೆ" ಎನ್ನುತ್ತೇವೆ. ನೆಂಟರು ಬಂದಾಗ ಆಕೆಯನ್ನು ಅಡುಗೆಮನೆಗೆ ಕಳುಹಿಸಿ ಸೊಸೆಯನ್ನು ಹಾಸಿಗೆಯ ಬಳಿ ಕೂರಿಸುವ ಮನೆಯನ್ನೂ ನಾನು ಕಂಡಿದ್ದೇನೆ. ಇದು ಮುಸ್ಲಿಮರಿಗಷ್ಟೇ ಸೀಮಿತವಾದ ಸಂಕೋಚವಲ್ಲ. ನೆರೆಯ ಹಿಂದೂ, ಕ್ರೈಸ್ತ ಮನೆಗಳಲ್ಲೂ "ಮಕ್ಕಳಿದ್ದೂ ಹೊರಗಿನವರ ಕೈಯಲ್ಲಿ ಗಂಜಿ ಕುಡಿಯಬೇಕಾಯಿತಲ್ಲ" ಎಂಬ ಮಾತು ಕೇಳಿಬರುತ್ತದೆ. ವ್ಯತ್ಯಾಸವಿಷ್ಟೆ: ನಾವು ಈ ಸಂಕೋಚಕ್ಕೆ ಧರ್ಮದ ಹೆಸರನ್ನು ಕೊಡುತ್ತೇವೆ. ಧರ್ಮದ ಹೆಸರು ಕೊಟ್ಟ ಮೇಲೆ ಧರ್ಮ ನಿಜವಾಗಿ ಏನನ್ನು ಹೇಳಿದೆ ಎಂದು ನೋಡುವ ಹೊಣೆಯೂ ನಮ್ಮದೇ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಮಾತಾಪಿತರ ಸೇವೆಯ ಮೌಲ್ಯವನ್ನು ಸಡಿಲಗೊಳಿಸುವ ಉದ್ದೇಶ ನನಗಿಲ್ಲ. ಪವಿತ್ರ ಕುರ್‌ಆನ್‌ನ 17ನೆಯ ಅಧ್ಯಾಯದ 23ನೆಯ ಸೂಕ್ತವು ಅಲ್ಲಾಹನ ಏಕತ್ವದ ಆದೇಶದ ಬೆನ್ನಿಗೇ ಮಾತಾಪಿತರೊಂದಿಗಿನ ಸದ್ವರ್ತನೆಯ ಆದೇಶವನ್ನಿರಿಸಿದೆ. ವೃದ್ಧಾಪ್ಯ ತಲುಪಿದ ತಂದೆತಾಯಿಯ ಮುಂದೆ 'ಉಫ್' ಎಂಬ ಬೇಸರದ ಒಂದು ಸಣ್ಣ ಉದ್ಗಾರವನ್ನೂ ಅದು ನಿಷೇಧಿಸಿದೆ. ಈ ಸೂಕ್ತವನ್ನು ನಾವೆಲ್ಲ ಪ್ರವಚನಗಳಲ್ಲಿ ಉಲ್ಲೇಖಿಸುತ್ತೇವೆ. ಆದರೆ ಅದರ ಎರಡು ಸೂಕ್ಷ್ಮಗಳನ್ನು ಹೆಚ್ಚಾಗಿ ಗಮನಿಸದೆ ಮುಂದೆ ಸಾಗುತ್ತೇವೆ. ಒಂದು, ಅಲ್ಲಿ ಮಾತಾಪಿತರ ವೃದ್ಧಾಪ್ಯವನ್ನು ಹೇಳುವಾಗ 'ನಿನ್ನ ಬಳಿಯಲ್ಲಿ' ಎಂಬರ್ಥದ ಪದವಿದೆ. ಎರಡು, ಆ 'ನೀನು' ಏಕವಚನದಲ್ಲಿದೆ. ಸಂಬೋಧನೆ ಇರುವುದು ಆ ತಂದೆತಾಯಿಯ ಮಗುವಿಗೆ. ಆ ಮಗನ ಹೆಂಡತಿಗಲ್ಲ.

ಈ ಎರಡನೆಯ ಸೂಕ್ಷ್ಮ ನನಗೆ ಅರ್ಥವಾದುದು ಕಿತಾಬು ಓದಿ ಅಲ್ಲ.

ನನ್ನ ತಾಯಿಗೆ ಪಾರ್ಶ್ವವಾಯು ತಗಲಿ ಬಲಭಾಗ ಸ್ವಾಧೀನ ತಪ್ಪಿದಾಗ, ಊರಿನಲ್ಲಿದ್ದ ಮಗ ನಾನೊಬ್ಬನೇ. ಸುಮಾರು ಎರಡು ವರ್ಷ ಅವರ ಆರೈಕೆ ನಮ್ಮ ಮನೆಯಲ್ಲಿ ಸಾಂಗವಾಗಿ ನಡೆಯಿತು. ನಡೆಯಿತು ಎಂಬ ಕ್ರಿಯಾಪದವನ್ನು ಬೇಕೆಂದೇ ಬಳಸಿದ್ದೇನೆ. ಯಾಕೆಂದರೆ ಅದನ್ನು ನಡೆಸುತ್ತಿದ್ದವಳು ನನ್ನ ಹೆಂಡತಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆಯಾದ ಬಟ್ಟೆ ತೆಗೆಯುವುದು, ಬೆನ್ನಿನಲ್ಲಿ ಹಾಸಿಗೆ ಹುಣ್ಣು ಆಗದಂತೆ ಒರೆಸುವುದು, ಗಂಟಲಿಗೆ ಸಿಕ್ಕದಂತೆ ಗಂಜಿ ಕುಡಿಸುವುದು, ರಾತ್ರಿ ಮೂರು ಗಂಟೆಗೆ ಕರೆದರೆ ಎದ್ದು ಹೋಗುವುದು ಎಲ್ಲವೂ ಅವಳ ಪಾಲಿನವು. ನಾನು ಇಶಾ ನಮಾಝ್‌ನ ಬಳಿಕ ಬಂದು ಹತ್ತು ನಿಮಿಷ ಉಮ್ಮನ ಕಾಲೊತ್ತುತ್ತಿದ್ದೆ, ಹಣೆಯ ಮೇಲೆ ಕೈಯಿಟ್ಟು ದುಆ ಮಾಡುತ್ತಿದ್ದೆ. ಹಾಗೆ ಮಾಡಿ ಸ್ವರ್ಗದ ಬಾಗಿಲಿಗೆ ತಲುಪಿದೆನೆಂಬ ಸಮಾಧಾನದಿಂದ ನಿದ್ರಿಸುತ್ತಿದ್ದೆ. ಊರಿನವರೂ ಹೊಗಳುತ್ತಿದ್ದರು. "ತಾಯಿಯನ್ನು ನೋಡಿಕೊಳ್ಳುವುದಿದ್ದರೆ ಉಸ್ತಾದರಂತೆ ನೋಡಿಕೊಳ್ಳಬೇಕು." ಆ ಹೊಗಳಿಕೆಯನ್ನು ನಾನು ಒಮ್ಮೆಯೂ ಅಡುಗೆಮನೆಯ ಕಡೆಗೆ ತಿರುಗಿಸಲಿಲ್ಲ.

ಒಂದು ದಿನ ಬೆಳಿಗ್ಗೆ ಉಮ್ಮನನ್ನು ಕುರ್ಚಿಗೆ ಎತ್ತುವಾಗ ಅವಳ ಬೆನ್ನು ಹಿಡಿದುಕೊಂಡಿತು. ಬೀಳುವ ಉಮ್ಮನನ್ನು ಬಿಡಲಾರದೆ ತಾನೂ ನೆಲಕ್ಕೆ ಕುಸಿದಳು. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿದೆ ಎಂದ ವೈದ್ಯರು, ಭಾರ ಎತ್ತಲೇಬಾರದು ಎಂದು ಆದೇಶಿಸಿದರು. ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಾಗ ಅವಳು ನನ್ನಲ್ಲಿ ಹೇಳಿದ್ದು ಒಂದೇ ಮಾತು: "ನನ್ನ ಉಮ್ಮನಿಗೂ ಮಂಡಿ ನೋವು. ಎರಡು ವರ್ಷದಿಂದ ಅಲ್ಲಿ ಹೋಗಿ ಎರಡು ರಾತ್ರಿ ನಿಂತಿಲ್ಲ." ಅದು ದೂರಿನಂತೆ ಕೇಳಿಸಲಿಲ್ಲ. ಅದಕ್ಕಾಗಿಯೇ ನಾನು ಉತ್ತರಿಸಲಾರದೆ ಹೋದೆ. ಅವಳೂ ಒಬ್ಬ ತಾಯಿಯ ಮಗಳು. 17ನೆಯ ಅಧ್ಯಾಯದ ಆ 'ನೀನು' ಅವಳಿಗೂ ಸಂಬೋಧನೆಯೇ. ಆದರೆ ಅದು ಅವಳ ತಾಯಿಯ ವಿಷಯದಲ್ಲಿ. ನನ್ನ ಸ್ವರ್ಗವನ್ನು ನಾನು ಅವಳ ಬೆನ್ನಿನ ಮೇಲೆ ಕಟ್ಟುತ್ತಿದ್ದೆ, ಅವಳ ಸ್ವರ್ಗದ ದಾರಿಗೆ ಅಡ್ಡ ನಿಂತು.

ನಾನು ಓದಿದ, ಮಕ್ಕಳಿಗೆ ಕಲಿಸುತ್ತಿರುವ ಶಾಫಿಈ ಕರ್ಮಶಾಸ್ತ್ರದ ಗ್ರಂಥಗಳಲ್ಲಿ ಅತ್ತೆ ಮಾವಂದಿರ ಶುಶ್ರೂಷೆ ಸೊಸೆಗೆ ಕಡ್ಡಾಯವೆಂಬ ವಿಧಿಯೇ ಇಲ್ಲ. ಮಾಡಿದರೆ ಅದು ಅವಳ ಔದಾರ್ಯ, ಅದಕ್ಕೆ ಅಲ್ಲಾಹನ ಬಳಿ ಪ್ರತಿಫಲವಿದೆ. ಮಾಡಲು ಅಸಮರ್ಥಳಾದರೆ ಅವಳನ್ನು ತಪ್ಪಿತಸ್ಥಳೆನ್ನಲು ಯಾರಿಗೂ ಅಧಿಕಾರವಿಲ್ಲ. ಬಡವರಾದ ಮಾತಾಪಿತರ ಜೀವನಾಂಶದ ಹೊಣೆ ಶಕ್ತರಾದ ಮಕ್ಕಳದ್ದು. ಅಷ್ಟೇ ಅಲ್ಲ, ಆ ಜೀವನಾಂಶದ ಅಧ್ಯಾಯದಲ್ಲಿ ಅನ್ನ, ಬಟ್ಟೆ, ವಸತಿಗಳ ಜೊತೆ ಇನ್ನೊಂದು ವಿಷಯವಿದೆ: ರೋಗ ಅಥವಾ ದೌರ್ಬಲ್ಯದಿಂದ ತಂದೆ ತಾಯಿಗೆ ಸೇವಕರ ಅಗತ್ಯವಿದ್ದರೆ, ಆ ಸೇವಕರ ಖರ್ಚೂ ಮಕ್ಕಳ ಮೇಲಿದೆ. ಈ ಸಾಲನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ್ದೆ, ಅಧ್ಯಾಪಕನಾಗಿ ಓದಿಸಿದ್ದೆ. ಹಳೆಯ ಕಾಲದ ಯಾವುದೋ ಶ್ರೀಮಂತ ಮನೆಯ ವಿಚಾರವೆಂದು ಭಾವಿಸಿ ಪುಟ ತಿರುಗಿಸಿದ್ದೆ. ಹೋಮ್ ನರ್ಸ್‌ನ ಸಂಬಳದ ಪ್ರಶ್ನೆಗೆ ಉತ್ತರ ನಮ್ಮ ಮದ್ರಸದ ಕಪಾಟಿನಲ್ಲಿ ಶತಮಾನಗಳಿಂದ ಇತ್ತು.

ದೇಶದ ಕಾನೂನೂ ಇಲ್ಲಿ ಇದೇ ದಾರಿಯಲ್ಲಿದೆ ಎಂಬುದು ಕುತೂಹಲದ ಸಂಗತಿ. ಮಾತಾಪಿತರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯ್ದೆಯು 'ಮಕ್ಕಳು' ಎಂಬ ಪದದಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ಹೆಸರಿಸಿತು, ಸೊಸೆಯನ್ನು ಹೆಸರಿಸಲಿಲ್ಲ. ಕಾನೂನು ಹೆಸರಿಸದ, ಶರೀಅತ್ ಹೊರಿಸದ ಭಾರವನ್ನು ಹೊರಿಸಿದ್ದು ನಮ್ಮ ಊರಿನ ರೂಢಿ. ಆ ರೂಢಿಯನ್ನು 'ಇಸ್ಲಾಮಿನ ಕುಟುಂಬ ಮೌಲ್ಯ' ಎಂದು ಕರೆದವರಲ್ಲಿ ನಾನೂ ಇದ್ದೆ.

ಇನ್ನು ರೋಗಿಯ ಶುಶ್ರೂಷೆ ಹೆಂಗಸರ ಕೆಲಸವೆಂಬ ನಂಬಿಕೆ. ಹಿಜರಿ 2ರಲ್ಲಿ ಬದ್ರ್ ಯುದ್ಧಕ್ಕೆ ಹೊರಡುವ ವೇಳೆ ಪ್ರವಾದಿವರ್ಯರ(ಸ) ಪುತ್ರಿ ರುಖಯ್ಯಾ(ರ) ಅಸ್ವಸ್ಥರಾಗಿದ್ದರು. ಅವರ ಪತಿ ಉಸ್ಮಾನ್(ರ) ಪತ್ನಿಯ ಆರೈಕೆಗಾಗಿ ಮದೀನಾದಲ್ಲೇ ಉಳಿದರು. ಯುದ್ಧದಲ್ಲಿ ಪಾಲ್ಗೊಂಡವನ ಪ್ರತಿಫಲವೂ ಪಾಲೂ ಅವರಿಗಿದೆಯೆಂದು ಪ್ರವಾದಿವರ್ಯರು(ಸ) ಘೋಷಿಸಿದರು. ಇಸ್ಲಾಮಿನ ಇತಿಹಾಸದ ಮೊತ್ತಮೊದಲ ನಿರ್ಣಾಯಕ ಯುದ್ಧವೊಂದು ಕಡೆ, ಒಬ್ಬ ರೋಗಿಯ ಹಾಸಿಗೆ ಇನ್ನೊಂದು ಕಡೆ. ಹಾಸಿಗೆಯ ಬಳಿ ಉಳಿದ ಗಂಡಸನ್ನು ಬದ್ರ್‌ನವರ ಸಾಲಿನಲ್ಲಿ ಎಣಿಸಲಾಯಿತು. ನಮ್ಮಲ್ಲಿ ತಾಯಿಯ ಒದ್ದೆ ಬಟ್ಟೆ ಒಗೆದ ಮಗನನ್ನು ಯಾವ ಸಾಲಿನಲ್ಲಿ ಎಣಿಸುತ್ತಾರೆಂದು ಎಲ್ಲರಿಗೂ ಗೊತ್ತು.

ಬಲ್ಲವರ ಕೈಗೆ ರೋಗಿಯನ್ನು ಒಪ್ಪಿಸುವುದು ಪ್ರೀತಿಯ ಕೊರತೆಯೇ? ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ) ಅವರನ್ನು ಮಸೀದಿಯ ಡೇರೆಯಲ್ಲಿ, ಗಾಯಾಳುಗಳ ಶುಶ್ರೂಷೆಯಲ್ಲಿ ಪರಿಣತರಾಗಿದ್ದ ರುಫೈದಾ ಅಸ್ಲಮಿಯ್ಯಾ(ರ) ಎಂಬ ಮಹಿಳೆಯ ಆರೈಕೆಯಲ್ಲಿರಿಸಲಾಯಿತು. ಸಅದ್‌ಗೆ ಯಾರೂ ಇರಲಿಲ್ಲವೆಂದಲ್ಲ. ಅವರು ಔಸ್ ಗೋತ್ರದ ನಾಯಕರು. ಅವರ ತಾಯಿ ಅದೇ ಊರಿನಲ್ಲಿ ಬದುಕಿದ್ದರು. ಆದರೂ ಶುಶ್ರೂಷೆ ರುಫೈದಾರ ಕೈಯಲ್ಲಿ ನಡೆಯಿತು. ಪ್ರವಾದಿವರ್ಯರು(ಸ) ಸಂಜೆ ಹಾದುಹೋಗುವಾಗ ಸಂಜೆಯ ಸ್ಥಿತಿಯನ್ನೂ ಬೆಳಿಗ್ಗೆ ಬೆಳಗಿನ ಸ್ಥಿತಿಯನ್ನೂ ವಿಚಾರಿಸುತ್ತಿದ್ದರು. ಕೆಲಸ ಬಲ್ಲವರು ಕೆಲಸ ಮಾಡಿದರು; ಪ್ರೀತಿಸುವವರು ಪ್ರೀತಿಸುವುದನ್ನು ನಿಲ್ಲಿಸಲಿಲ್ಲ. ಮುಂದೆ 1284ರ ಸುಮಾರಿಗೆ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯ ವಕ್ಫ್‌ನಿಂದ, ಮನೆಯಲ್ಲೇ ಇದ್ದು ಚಿಕಿತ್ಸೆ ಬಯಸಿದವರಿಗೂ ಔಷಧ ಮತ್ತು ಪಥ್ಯದ ಆಹಾರ ತಲುಪುತ್ತಿತ್ತು. ಮನೆಯ ಆರೈಕೆಗೆ ಹೊರಗಿನವರ ನೆರವು ಪಡೆಯುವುದು ಪಾಶ್ಚಾತ್ಯರಿಂದ ಬಂದ ರೋಗವೆನ್ನುವವರು ಈ ಇತಿಹಾಸವನ್ನು ನೋಡಬೇಕು.

ನನಗೆ ಎಲ್ಲಕ್ಕಿಂತ ಹತ್ತಿರವಾದುದು ಮದ್‌ಯನ್‌ನ ಕಥೆ. ಕುರ್‌ಆನ್‌ನ 28ನೆಯ ಅಧ್ಯಾಯದಲ್ಲಿ ಮೂಸಾ(ಅ) ಅಪರಿಚಿತ ಊರಿನ ಬಾವಿಯ ಬಳಿ ಇಬ್ಬರು ಯುವತಿಯರನ್ನು ಕಾಣುತ್ತಾರೆ. ಗಂಡಸರ ಗುಂಪಿನಿಂದ ದೂರದಲ್ಲಿ ತಮ್ಮ ಆಡುಗಳನ್ನು ತಡೆಹಿಡಿದು ನಿಂತ ಅವರು, ತಂದೆಗೆ ತುಂಬಾ ವಯಸ್ಸಾಗಿದೆಯೆಂಬ ಕಾರಣ ಹೇಳುತ್ತಾರೆ. ಆ ವೃದ್ಧರು ಪ್ರವಾದಿ ಶುಐಬ್(ಅ) ಹೌದೋ ಅಲ್ಲವೋ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಅದಿರಲಿ. ಮುಂದೆ ಆ ಪುತ್ರಿಯರಲ್ಲೊಬ್ಬಳು ತಂದೆಗೆ ನೀಡುವ ಸಲಹೆಯೇನು? ಇವರನ್ನು ಸಂಬಳಕ್ಕೆ ನೇಮಿಸಿಕೊಳ್ಳಿ ಎಂದು. ವೃದ್ಧ ತಂದೆಯ ಮನೆಯ ಭಾರವನ್ನು ಹೊರುತ್ತಿದ್ದ ಮಗಳು, ನೆರವಿಗೆ ಜನ ಬೇಕು ಎಂದು ಬಾಯಿಬಿಟ್ಟು ಹೇಳಿದಳು. ಕುರ್‌ಆನ್ ಅವಳನ್ನು ಅದಕ್ಕಾಗಿ ಆಕ್ಷೇಪಿಸಿಲ್ಲ. ಅವಳು ಸೋಮಾರಿಯಾದಳೆಂದಾಗಲಿ, ತಂದೆಯನ್ನು ಕೈಬಿಟ್ಟಳೆಂದಾಗಲಿ ಯಾವ ವ್ಯಾಖ್ಯಾನಕಾರರೂ ಬರೆದುದನ್ನು ನಾನು ಓದಿಲ್ಲ. ಅದು ಆಡು ಮೇಯಿಸುವ ಕೆಲಸ, ರೋಗಿಯ ಆರೈಕೆಯಲ್ಲ ಎಂದು ಯಾರಾದರೂ ಹೇಳಬಹುದು, ಸರಿಯೇ. ಆದರೆ ಅಲ್ಲಿನ ನೇಮಕಾತಿಯ ಷರತ್ತುಗಳನ್ನು ಗಮನಿಸಿ. ನೇಮಿಸಿಕೊಳ್ಳುವವನಲ್ಲಿ ಸಾಮರ್ಥ್ಯವೂ ವಿಶ್ವಾಸಾರ್ಹತೆಯೂ ಇರಬೇಕೆಂದು ಮಗಳು ಹೇಳುತ್ತಾಳೆ. ದುಡಿಯುವ ಅವಧಿಯನ್ನು ತಂದೆ ಮೊದಲೇ ನಿಗದಿಪಡಿಸುತ್ತಾರೆ. ನಿನ್ನ ಮೇಲೆ ಕಷ್ಟ ಹೇರಲು ನಾನು ಬಯಸುವುದಿಲ್ಲವೆಂಬ ಭರವಸೆಯನ್ನೂ ಅವರೇ ನೀಡುತ್ತಾರೆ. ಮೂರು ಮಾತುಗಳಲ್ಲಿ ಒಂದು ಕೆಲಸಗಾರನ ಗುಣದ ಕುರಿತು, ಎರಡು ಯಜಮಾನನ ಹೊಣೆಯ ಕುರಿತು. ನಾವು ಹೋಮ್ ನರ್ಸ್‌ಗಳ ಬಗ್ಗೆ ಮಾತನಾಡುವಾಗ ಈ ಲೆಕ್ಕ ತಲೆಕೆಳಗಾಗಿರುತ್ತದೆ.

ಇಷ್ಟೆಲ್ಲ ಹೇಳಿದರೂ ಆಕ್ಷೇಪಗಳು ಮುಗಿಯುವುದಿಲ್ಲ, ಅವುಗಳಲ್ಲಿ ಕೆಲವು ಗಂಭೀರವಾದವುಗಳೇ. ಫಾತಿಮಾ(ರ) ಬೀಸುಕಲ್ಲಿನಿಂದ ಕೈಬೊಬ್ಬೆ ಬಂದು ಸೇವಕರನ್ನು ಕೇಳಿದಾಗ ಪ್ರವಾದಿವರ್ಯರು(ಸ) ಸೇವಕರ ಬದಲು ತಸ್ಬೀಹ್ ಕಲಿಸಿದರಲ್ಲವೇ ಎಂದು ಒಬ್ಬ ಸ್ನೇಹಿತರು ನನ್ನನ್ನು ಕೇಳಿದರು. ಹೌದು. ಆದರೆ ಮಸೀದಿಯ ಸುಫ್ಫಾದಲ್ಲಿ ಹಸಿದ ಜನರಿರುವಾಗ ಸ್ವಂತ ಮಗಳಿಗೆ ಕೊಡಲಾರೆನೆಂಬ ಕಾರಣವನ್ನು ಕೆಲವು ವರದಿಗಳು ತಿಳಿಸುತ್ತವೆ. ಸಾರ್ವಜನಿಕ ಸೊತ್ತಿನಿಂದ ಸ್ವಂತ ಕುಟುಂಬಕ್ಕೆ ಪಾಲು ಕೊಡದ ಆಡಳಿತಗಾರನ ನ್ಯಾಯನಿಷ್ಠೆ ಅದು. ಆ ಹದೀಸನ್ನು ಡಿಸ್ಕ್ ಜಾರಿದ ಸೊಸೆಗೆ ಓದಿ ಹೇಳುವವರು, ಅದನ್ನು ಮೊದಲು ಜಮಾಅತ್‌ನ ಆಡಳಿತ ಸಮಿತಿಯ ಸಭೆಯಲ್ಲಿ ಓದಬೇಕಾಗಿತ್ತು.

ಲಜ್ಜೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು, ಮತ್ತು ಅದನ್ನು ಹಗುರವಾಗಿ ಕಾಣಬಾರದು. ಜೀವಮಾನವಿಡೀ ತಲೆಯ ಮೇಲಿನ ಸೆರಗು ಸರಿಯದಂತೆ ಬಾಳಿದ ಮಹಿಳೆ, ಅಪರಿಚಿತಳೊಬ್ಬಳ ಮುಂದೆ ಬಟ್ಟೆ ಕಳಚಬೇಕಾದಾಗ ಅನುಭವಿಸುವ ಸಂಕಟ ಸಣ್ಣದಲ್ಲ. ನನ್ನ ತಾಯಿ ಮೊದಲ ಮೂರು ದಿನ ಸ್ನಾನಕ್ಕೆ ಒಪ್ಪಲಿಲ್ಲ. ನಮಗೆ ಸಿಕ್ಕಿದ ಹೋಮ್ ನರ್ಸ್ ಘಟ್ಟದ ಮೇಲಿನ ಹಾವೇರಿ ಕಡೆಯ ಹಿಂದೂ ಮಹಿಳೆ. ಮುಸ್ಲಿಮ್ ಸ್ತ್ರೀಯ ದೇಹವನ್ನು ಮುಸ್ಲಿಮೇತರ ಸ್ತ್ರೀ ನೋಡುವ ವಿಷಯದಲ್ಲಿ ಶಾಫಿಈ ಗ್ರಂಥಗಳಲ್ಲಿ ಬಿಗಿಯಾದ ಅಭಿಪ್ರಾಯವಿದೆ. ಆದರೆ ಚಿಕಿತ್ಸೆಯ ಅನಿವಾರ್ಯತೆಯಲ್ಲಿ ಅಗತ್ಯವಿರುವಷ್ಟಕ್ಕೆ ಅವೇ ಗ್ರಂಥಗಳು ರಿಯಾಯಿತಿಯನ್ನೂ ನೀಡಿವೆ. ಆ 'ಅಗತ್ಯವಿರುವಷ್ಟು' ಎಂಬ ಗಡಿಯನ್ನು ಪಾಲಿಸುವುದು ಹೇಗೆಂದು ನಾವು ಅವರಿಗೆ ಹೇಳಿಕೊಡಬೇಕಾಯಿತು: ಮೇಲೊಂದು ಬಟ್ಟೆ ಹೊದಿಸಿ, ಅದರಡಿಯಲ್ಲೇ ಒಂದೊಂದು ಭಾಗವನ್ನು ಒರೆಸುವುದು, ಕೋಣೆಯಲ್ಲಿ ಮನೆಯ ಹೆಂಗಸೊಬ್ಬಳು ಇರುವುದು. ಅವರು ನಕ್ಕು, ತಮಗೆ ಕೆಲಸ ಕಲಿಸಿದವರೂ ರೋಗಿಯನ್ನು ಹೀಗೆಯೇ ಮುಚ್ಚಿ ಒರೆಸಬೇಕೆಂದು ಹೇಳಿಕೊಟ್ಟಿದ್ದರು ಎಂದರು. ನಾವು ಶರೀಅತ್‌ನ ಹೆಸರಿನಲ್ಲಿ ಕೇಳಿದ್ದು ಆಕೆಯ ಕಸುಬಿನ ಶಿಸ್ತಿನಲ್ಲೇ ಇತ್ತು.

ತಂದೆಯಂದಿರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಗಂಡಸರಿಗೆ ಗಂಡಸರನ್ನೇ ಹುಡುಕಬೇಕು. ಅನ್ಯ ಸ್ತ್ರೀಯ ಸ್ಪರ್ಶದಿಂದ ವುಝೂ ಮುರಿಯುತ್ತದೆಂಬುದು ನಮ್ಮ ಮದ್‌ಹಬ್‌ನ ನಿಲುವು. ನಮಾಝ್‌ಗಾಗಿ ಶುಚಿಗೊಂಡ ವೃದ್ಧರನ್ನು ಮರುಕ್ಷಣವೇ ನರ್ಸ್ ಎತ್ತಿ ಕೂರಿಸಬೇಕಾದರೆ ಅವರಿಗಾಗುವ ಚಡಪಡಿಕೆ ಅನುಭವಿಸಿದವರಿಗೇ ಗೊತ್ತು. ಗಂಡಸು ಸಹಾಯಕರು ಸಿಗುವುದು ಕಷ್ಟ, ನಿಜ. ಆದರೆ ಮನೆಯಲ್ಲಿ ಗಂಡುಮಕ್ಕಳೇ ಇಲ್ಲವೇ?

ಮುಸ್ಲಿಮೇತರರನ್ನು ಮನೆಯೊಳಗೆ ಇಷ್ಟು ನಂಬಬಹುದೇ ಎಂಬ ಪ್ರಶ್ನೆಗೆ ಹೆಚ್ಚು ಸಮಯ ವ್ಯಯಿಸಬೇಕಾಗಿಲ್ಲ. ತಲೆಗೆ ಬಹುಮಾನ ಘೋಷಣೆಯಾಗಿದ್ದ ಹಿಜ್ರಾದ ದಾರಿಯಲ್ಲಿ ಪ್ರವಾದಿವರ್ಯರು(ಸ) ಮತ್ತು ಅಬೂಬಕ್ಕರ್(ರ) ತಮ್ಮ ಪ್ರಾಣವನ್ನೊಪ್ಪಿಸಿದ ಸಂಬಳದ ಮಾರ್ಗದರ್ಶಿ ಅಬ್ದುಲ್ಲಾ ಬಿನ್ ಉರೈಖಿತ್ ಆಗ ಮುಸ್ಲಿಮನಾಗಿರಲಿಲ್ಲ. ನಮ್ಮ ಮನೆಗೆ ಬಂದ ಆ ಸಹೋದರಿ ಒಂದು ತಿಂಗಳೊಳಗೆ ಬಾಂಗ್ ಕೇಳಿದೊಡನೆ ಶುದ್ಧ ಮಣ್ಣಿನ ತಟ್ಟೆಯನ್ನು ಹಾಸಿಗೆಯ ಬಳಿ ತಂದಿಡಲು ಕಲಿತರು, ಉಮ್ಮನಿಗೆ ತಯಮ್ಮುಮ್‌ಗಾಗಿ. ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ. ಆ ಮಣ್ಣು ಎಲ್ಲಿಂದ ತರುತ್ತಾರೆಂದು ಒಮ್ಮೆ ಕೇಳಿದೆ. ಹಿತ್ತಿಲಿನ ತೆಂಗಿನ ಬುಡದಿಂದ ತಂದು, ಜರಡಿ ಹಿಡಿದು, ಡಬ್ಬಿಯಲ್ಲಿ ತುಂಬಿಸಿಟ್ಟಿದ್ದರು.

ಈಗ ನಿಜವಾಗಿ ಕಷ್ಟವಾದ ಭಾಗಕ್ಕೆ ಬರುತ್ತೇನೆ. ಹೋಮ್ ನರ್ಸ್ ಬಂದ ಮೊದಲ ರಾತ್ರಿ ಉಮ್ಮ ನನ್ನನ್ನು ಕರೆದು, ಸ್ಪಷ್ಟವಾಗದ ಮಾತಿನಲ್ಲಿ ಕೇಳಿದರು: "ನಾನು ನಿನಗೆ ಭಾರವಾದೆನೇ?"

ಕರ್ಮಶಾಸ್ತ್ರದ ಯಾವ ಪುಟವೂ ಆಗ ನೆರವಿಗೆ ಬರಲಿಲ್ಲ. ನಮ್ಮ ಹಿರಿಯರು ಈ ಸೇವೆಯನ್ನು ಭಯದಿಂದ ನೋಡುವುದು ಅಜ್ಞಾನದಿಂದಲ್ಲ. ಸಂಬಳದವಳು ಬಂದ ಮೇಲೆ ಮಕ್ಕಳು ಕೋಣೆಗೆ ಬರುವುದು ಕಡಿಮೆಯಾದುದನ್ನು ಅವರು ಬೇರೆ ಮನೆಗಳಲ್ಲಿ ಕಂಡಿದ್ದಾರೆ. ಗಲ್ಫ್‌ನಿಂದ ಹಣ ಕಳುಹಿಸಿ, ವಾರಕ್ಕೊಮ್ಮೆ ವೀಡಿಯೋ ಕರೆಯಲ್ಲಿ ಮುಖ ತೋರಿಸಿ, ಅದನ್ನೇ ಸೇವೆಯೆಂದುಕೊಂಡ ಮಕ್ಕಳನ್ನು ಅವರು ಬಲ್ಲರು. 'ನಿನ್ನ ಬಳಿಯಲ್ಲಿ' ಎಂಬ ಪದವನ್ನು ಮೇಲೆ ಉಲ್ಲೇಖಿಸಿದೆ. ಒಂದೇ ಸೂರಿನಡಿಯಿದ್ದರೂ ತಂದೆತಾಯಿ ನಮ್ಮ ಬಳಿಯಲ್ಲಿ ಇಲ್ಲದಿರಬಹುದು. ಒಗೆಯುವುದು, ಒರೆಸುವುದು, ಎತ್ತುವುದು ಇವನ್ನು ಸಂಬಳ ಕೊಟ್ಟು ಮಾಡಿಸಬಹುದು. ಒಂದೇ ಕಥೆಯನ್ನು ನಲವತ್ತನೆಯ ಬಾರಿ ಕೇಳಿಸಿಕೊಳ್ಳುವುದನ್ನು ಸಂಬಳಕ್ಕೆ ಮಾಡಿಸಲಾಗದು. ಹಿಂದೆ ನಾನು ಹತ್ತು ನಿಮಿಷ ಕೂರುತ್ತಿದ್ದೆ. ಈಗ ಸುಬ್‌ಹ್ ನಮಾಝ್‌ನ ಬಳಿಕ ಮದ್ರಸಕ್ಕೆ ಹೋಗುವವರೆಗೂ ಅವರ ಬಳಿ ಇರುತ್ತೇನೆ. ಬೆಳಗಿನ ಗಂಜಿಯನ್ನು ನಾನೇ ಕುಡಿಸುತ್ತೇನೆ. ನನ್ನ ಹೆಂಡತಿ ಸಂಜೆ ಬೆನ್ನಿಗೆ ದಿಂಬಿಟ್ಟುಕೊಂಡು ಅವರ ಪಕ್ಕದಲ್ಲಿ ಕುಳಿತು ಮಾತನಾಡುತ್ತಾಳೆ. ಎರಡು ವರ್ಷದಲ್ಲಿ ಅವರಿಬ್ಬರು ಹಾಗೆ ಸುಮ್ಮನೆ ಕುಳಿತು ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ. ಖರ್ಚನ್ನು ಅಣ್ಣ ಮತ್ತು ತಮ್ಮನೊಂದಿಗೆ ಹಂಚಿಕೊಂಡಿದ್ದೇವೆ. ತಂಗಿ ತಿಂಗಳಿಗೆ ನಾಲ್ಕು ದಿನ ಬಂದು ನಿಲ್ಲುತ್ತಾಳೆ, ನೆಂಟಳಾಗಿ ಅಲ್ಲ. ಆ ನಾಲ್ಕು ದಿನ ನನ್ನ ಹೆಂಡತಿ ತನ್ನ ತಾಯಿಯ ಮನೆಯಲ್ಲಿರುತ್ತಾಳೆ. ಇವೆಲ್ಲ ಸುಲಭವಾಗಿ ಆಗಲಿಲ್ಲ. ಹಣದ ಮಾತು ಬಂದಾಗ ಅಣ್ಣತಮ್ಮಂದಿರ ನಡುವೆ ಆದ ಬಿಸಿಯನ್ನು ಇಲ್ಲಿ ಬರೆಯುವುದಿಲ್ಲ.

'ಉಫ್' ಎಂಬ ಆ ಪದ ಹದೀಸ್‌ನಲ್ಲಿ ಇನ್ನೊಂದು ಕಡೆಯೂ ಬರುತ್ತದೆ. ಬಾಲಕನಾಗಿದ್ದಾಗಿನಿಂದ ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆ ಮಾಡಿದ ಅನಸ್(ರ), ಆ ಹತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ತನಗೆ 'ಉಫ್' ಎನ್ನಲಿಲ್ಲವೆಂದು ನೆನಪಿಸಿಕೊಂಡಿದ್ದಾರೆ. ತಂದೆತಾಯಿಗೆ ಹೇಳಬಾರದೆಂದು ಕುರ್‌ಆನ್ ನಿಷೇಧಿಸಿದ ಅದೇ ಪದವನ್ನು ಪ್ರವಾದಿವರ್ಯರು(ಸ) ತಮ್ಮ ಸೇವಕನಿಗೆ ಹೇಳಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದ್ದು ನಾನು ಇತ್ತೀಚೆಗೆ. ನಮ್ಮಲ್ಲಿ ತಾಯಿಗೆ ಹೇಳಲಾಗದ 'ಉಫ್' ಎಲ್ಲವೂ ಹೋಮ್ ನರ್ಸ್‌ನ ಮೇಲೆ ಬೀಳುತ್ತದೆ. ರಾತ್ರಿಯಿಡೀ ಎದ್ದವಳು ಹಗಲು ಅರ್ಧ ಗಂಟೆ ಮಲಗಿದರೆ ನಮಗೆ ಸಹನೆಯಿಲ್ಲ. ರೋಗಿಯ ಕೆಲಸಕ್ಕೆ ಕರೆಸಿದವಳಿಂದ ಪಾತ್ರೆ ತೊಳೆಸುತ್ತೇವೆ, ಅಂಗಳ ಗುಡಿಸುತ್ತೇವೆ. ಬಿರಿಯಾನಿಯ ದಿನ ಎಲ್ಲರೂ ಉಂಡ ಮೇಲೆ ಉಳಿದುದನ್ನು ಬಡಿಸುತ್ತೇವೆ. ತಾವು ತಿನ್ನುವುದನ್ನೇ ತಿನ್ನಿಸಿ, ಶಕ್ತಿಮೀರಿದ ಕೆಲಸ ಹೊರಿಸಬೇಡಿ ಎಂಬ ಪ್ರವಾದಿವಚನ ಊಟದ ಹಾಲಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ಬೆವರಾರುವ ಮುನ್ನ ಕೂಲಿ ಕೊಡಬೇಕೆಂಬ ಹದೀಸ್ ನಮ್ಮ ನಾಲಗೆಯಲ್ಲಿದೆ. ಆದರೆ ನಾವು ಕೊಡುವ ಹಣದಲ್ಲಿ ಏಜೆನ್ಸಿಯವರ ಪಾಲು ಕಳೆದು ಅವಳ ಕೈಗೆ ಸೇರುವುದೆಷ್ಟು ಎಂದು ಕೇಳಿದವರೆಷ್ಟು ಮಂದಿ? ನಾನೂ ಮೊದಲ ಮೂರು ತಿಂಗಳು ಕೇಳಲಿಲ್ಲ. ಕೇಳಿದ ಮೇಲೆ ನಾಚಿಕೆಯಾಯಿತು. ವಾರದ ರಜೆಯಿಲ್ಲದೆ ದಿನದ ಇಪ್ಪತ್ತನಾಲ್ಕು ಗಂಟೆ ಇನ್ನೊಬ್ಬರ ಮನೆಯಲ್ಲಿರುವ ಆ ಸಹೋದರಿಗೂ ಊರಿನಲ್ಲಿ ಮುದಿ ತಾಯಿಯಿದ್ದಾರೆ. ಅವರನ್ನು ನೋಡಿಕೊಳ್ಳುವುದು ಪಕ್ಕದ ಮನೆಯವರು.

ಜಮಾಅತ್‌ಗಳು ಮಾಡಬಹುದಾದ ಕೆಲಸವೂ ಇದೆ. ನಮ್ಮ ಮಸೀದಿಗಳಲ್ಲಿ ಮಯ್ಯಿತ್‌ಗೆ ಸ್ನಾನ ಮಾಡಿಸುವ, ಕಫನ್ ತೊಡಿಸುವ ತರಬೇತಿ ನಡೆಯುತ್ತದೆ. ಗೊಂಬೆ ಇಟ್ಟು ಕಲಿಸುತ್ತೇವೆ. ಒಳ್ಳೆಯದು. ಆದರೆ ಬದುಕಿರುವ ರೋಗಿಗೆ ಹಾಸಿಗೆಯಲ್ಲೇ ಸ್ನಾನ ಮಾಡಿಸುವುದು ಹೇಗೆ, ಬೆನ್ನು ಮುರಿಯದಂತೆ ಎತ್ತುವುದು ಹೇಗೆ, ಕ್ಯಾಥೆಟರ್ ಇರುವವರು ನಮಾಝ್ ನಿರ್ವಹಿಸುವುದು ಹೇಗೆ ಎಂಬ ತರಬೇತಿಯನ್ನು ನಾನು ನಮ್ಮ ಸುತ್ತಲಿನ ಯಾವ ಮಸೀದಿಯಲ್ಲೂ ಕಂಡಿಲ್ಲ. ಗಡಿಯಾಚೆಯ ಕೇರಳದಲ್ಲಿ ಇದಕ್ಕೆ ದಾರಿಯಿದೆ. 1993ರಲ್ಲಿ ಕೋಝಿಕ್ಕೋಡ್‌ನ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾದ ಪ್ಯಾಲಿಯೇಟಿವ್ ಆರೈಕೆಯ ಪ್ರಯತ್ನ, ಮುಂದೆ ಮಲಪ್ಪುರಂನಂತಹ ಜಿಲ್ಲೆಗಳಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ರೋಗಿಗಳ ಮನೆಗೆ ಹೋಗುವ ಚಳವಳಿಯಾಗಿ ಬೆಳೆಯಿತು. ಅಂಗಡಿಯವರು, ವಿದ್ಯಾರ್ಥಿಗಳು, ಗೃಹಿಣಿಯರು ವಾರಕ್ಕೆ ಕೆಲವು ಗಂಟೆ ಕೊಡುತ್ತಾರೆ. ಸಣ್ಣ ಸಣ್ಣ ದೇಣಿಗೆಗಳಿಂದ ಅದು ನಡೆಯುತ್ತದೆ. 2008ರಲ್ಲಿ ಕೇರಳ ಸರಕಾರ ಅದನ್ನು ನೀತಿಯಾಗಿಯೇ ಅಂಗೀಕರಿಸಿತು. ಮಲಪ್ಪುರಂನವರೊಂದಿಗೆ ನಮಗೆ ಮದ್ರಸದ ಪಠ್ಯದಿಂದ ಹಿಡಿದು ಮದುವೆಯ ಊಟದವರೆಗೆ ಸಂಬಂಧವಿದೆ. ಇದೊಂದನ್ನು ಮಾತ್ರ ನಾವು ಅವರಿಂದ ತಂದಿಲ್ಲ.

ಕಳೆದ ದೀಪಾವಳಿಗೆ ಆ ಸಹೋದರಿ ನಾಲ್ಕು ದಿನ ರಜೆ ಕೇಳಿದರು. ಏಜೆನ್ಸಿಯವರು ಬದಲಿ ಕಳುಹಿಸುತ್ತೇವೆಂದರು, ನಾನು ಬೇಡವೆಂದೆ. ಮದ್ರಸಕ್ಕೂ ರಜೆಯಿತ್ತು. ಸ್ನಾನದ ಹೊಣೆ ತಂಗಿಯದು, ಎತ್ತುವುದು, ಮಗ್ಗುಲು ಬದಲಿಸುವುದು, ರಾತ್ರಿ ಏಳುವುದು ನನ್ನದು ಎಂದು ತೀರ್ಮಾನವಾಯಿತು. ಮೊದಲ ರಾತ್ರಿ ಎರಡು ಗಂಟೆಗೆ ಉಮ್ಮ ಕರೆದರು. ನಾನು ಎದ್ದು ಹೋಗಿ ಭುಜ ಹಿಡಿದು ಹೊರಳಿಸಲು ನೋಡಿದೆ. ಅವರು ನೋವಿನಿಂದ ನರಳಿದರು. ಆಮೇಲೆ ಎಡಗೈಯಿಂದ ನನ್ನ ಮಣಿಕಟ್ಟನ್ನು ತಡೆದು, ನಿಧಾನವಾಗಿ, ಮಗುವಿಗೆ ಅಕ್ಷರ ಕಲಿಸುವಂತೆ ಹೇಳಿದರು: "ಹಾಗಲ್ಲ ಮಗಾ. ಮೊದಲು ಮೊಣಕಾಲು ಮಡಚಬೇಕು. ಅವಳು ಹಾಗೆಯೇ ಮಾಡುವುದು."